ಲಾಕ್ ಹಾಕಿತ್ತು

ನಮ್ಮ ಮನೆಯ ಜಗಲಿಯ ಹಲಸಿನ ತೊಲೆಯಲ್ಲಿ ಒಂದು ತೂತಿದೆ. ಎರಡು ಬೆರಳು ಸೇರಿಸಿ ತೂರಿಸಬಹುದು. ಅಂಚು ಸಿಗಿದಿದೆ, ಒಳಗೆ ಕಪ್ಪಾಗಿದೆ. ಹೊಸದಾಗಿ ಬಂದವರು ದುಂಬಿ ಕೊರೆದದ್ದು ಅಂದುಕೊಳ್ಳುತ್ತಾರೆ. ಎರಡು ಸಲ ಬಡಗಿ ಬಂದಾಗ, ಮೇಣ ತುಂಬಿ ಪಾಲಿಶ್ ಹೊಡೆದರೆ ಗೊತ್ತೇ ಆಗಲ್ಲ ಎಂದ. ಅಪ್ಪ ಬೇಡ ಎಂದರು.

1994ರ ಡಿಸೆಂಬರ್. ನಾನಾಗ ಏಳನೇ ಕ್ಲಾಸು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಗಿಳಿದರೆ ನಮ್ಮೂರು. ಅಡಿಕೆ ಕೊಯ್ಲು ನಡೆದಿತ್ತು. ಅಂಗಳದ ಚಪ್ಪರದ ಕೆಳಗೆ ರಾತ್ರಿ ಹನ್ನೊಂದರವರೆಗೆ ಸುಲಿತ, ಬೆಳಗ್ಗೆ ಎದ್ದರೆ ಬೇಯಿಸುವ ಹಂಡೆಯ ಒಗರು ವಾಸನೆ. ಆ ದಿನ ಬೆಳಗಿನ ಜಾವ ಅಪ್ಪ ತೋಟಕ್ಕೆ ಹೋಗಿದ್ದರು. ಗದ್ದೆಯಂಚಿಗೆ ಹಂದಿ ಇಳಿದ ಸದ್ದು ಕೇಳಿತ್ತು. ಈಡು ಹೊಡೆಯುವ ಸಂದರ್ಭ ಬರಲಿಲ್ಲ. ಬ್ಯಾಟರಿ ಬೆಳಕಿಗೇ ಹಂದಿಗಳು ಓಡಿದ್ದವು. ಅಪ್ಪ ವಾಪಸು ಬಂದು, ಕೋವಿಯನ್ನು ಜಗಲಿ ಕಟ್ಟೆಯ ಮೇಲೆ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಕಾಲು ತೊಳೆಯಲು ಬಚ್ಚಲಿಗೆ ಹೋದರು. ಹಾಗೆ ನಿಲ್ಲಿಸುವುದು ಹೊಸದೇನಲ್ಲ. ಕತ್ತಿ, ಕೊಕ್ಕೆ, ದೋಟಿ ಎಲ್ಲ ಅಲ್ಲೇ ಇರುತ್ತಿದ್ದವು.

ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಬಂತು. ಕಂಬದ ಬುಡದಲ್ಲಿ ನುಗ್ಗಿ ಹೋಗುವಾಗ ಅದರ ಮೈ ತಗುಲಿತು. ಕೋವಿಯ ಹಿಂಭಾಗ ಕಟ್ಟೆಯ ಅಂಚಿನಿಂದ ಜಾರಿ, ಒಂದೂವರೆ ಅಡಿ ಕೆಳಗಿದ್ದ ಕಲ್ಲಿನ ಮೆಟ್ಟಿಲಿಗೆ ಕುಟ್ಟಿತು. ಬಾಯಿ ಇನ್ನೂ ಮೇಲಕ್ಕೇ ಇತ್ತು. ಬಲಗಡೆಯ ನಳಿಕೆ ಹಾರಿತು.

ಅಷ್ಟು ಹತ್ತಿರದಿಂದ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಹರಡುವುದಿಲ್ಲ. ಇಡೀ ಈಡು ಒಂದೇ ಮುಷ್ಟಿಯ ಹಾಗೆ ಹೋಗುತ್ತದೆ. ಹಾಗಾಗಿ ತೊಲೆಯಲ್ಲಿ ಒಂದೇ ತೂತು. ಆ ತೊಲೆಯ ಕೆಳಗೆ, ಕಂಬದ ಪಕ್ಕದಲ್ಲೇ ಸುಲಿತಕ್ಕೆ ಬಂದಿದ್ದ ಹೆಂಗಸೊಬ್ಬರು ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಸುಣ್ಣ ಒಣಗಿತ್ತು ಅಂತ ಅಮ್ಮನ ಹತ್ತಿರ ಕೇಳಲು ಒಳಗೆ ಎದ್ದು ಹೋಗಿದ್ದರು. ಅವರ ಎಲೆಯ ಸಂಚಿ ಮಾತ್ರ ಅಲ್ಲಿತ್ತು. ಅದರ ಮೇಲೆ ತೊಲೆಯ ಸಿಗುರು, ಧೂಳು ಬಿದ್ದಿತ್ತು.

ಕಿವಿಯಲ್ಲಿ ಕುಯ್ ಎನ್ನುವ ಸದ್ದು ನಿಂತ ಮೇಲೆ ನಾನು ಕೇಳಿದ ಮೊದಲ ಮಾತು ಅಪ್ಪನದು. ಬಚ್ಚಲಿನಿಂದ ಒದ್ದೆ ಕಾಲಲ್ಲಿ ಓಡಿ ಬಂದವರು, ಕೋವಿ ಎತ್ತಿಕೊಂಡು ಅದರ ಕತ್ತಿನ ಮೇಲಿನ ಗುಂಡಿ ನೋಡಿದರು. ಆಮೇಲೆ ಎಲ್ಲರಿಗೂ ತೋರಿಸಿದರು. "ನೋಡಿ, ಲಾಕ್ ಹಾಕಿತ್ತು. ಲಾಕ್ ಹಾಕಿಯೇ ಇತ್ತು."

ಹಾಕಿಯೇ ಇತ್ತು. ನಾನೂ ನೋಡಿದ್ದೇನೆ. ಗುಂಡಿ ಹಿಂದಕ್ಕೆ ಸರಿದಿತ್ತು, 'ಸೇಫ್' ಎಂಬ ಅಕ್ಷರಗಳು ಕಾಣುತ್ತಿದ್ದವು. ಮುಂದಿನ ಮೂರು ದಿನ ಅಪ್ಪ ಬಂದವರಿಗೆಲ್ಲ ಅದೇ ಮಾತು ಹೇಳಿದರು. ತಪ್ಪು ಮುಚ್ಚಿಕೊಳ್ಳಲು ಹೇಳಿದ್ದಲ್ಲ ಅದು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅದರ ಮುಂದಿನ ವಾರ ಅಪ್ಪ ಶಿವಮೊಗ್ಗಕ್ಕೆ ಹೊರಟಾಗ ನಾನೂ ಹಟ ಮಾಡಿ ಜೊತೆಗೆ ಹೋದೆ. ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ದಪ್ಪ ಕನ್ನಡಕ, ಮೇಜಿನ ಮೇಲೆ ಹಳೇ ಬನಿಯನ್ ಬಟ್ಟೆ. ಅಪ್ಪ ಹೇಳಿದ್ದನ್ನು ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಸುಮ್ನೆ ಸ್ಕ್ರೂ ಬಿಚ್ಚಲು ಶುರು ಮಾಡಿದರು. ಆ ಅರ್ಧ ಗಂಟೆಯಲ್ಲಿ ನಾನು ನೋಡಿದ್ದು ಇವತ್ತಿಗೂ ಮರೆತಿಲ್ಲ.

ನಮ್ಮದು 12 ಬೋರಿನ ಜೋಡಿನಳಿಕೆ ಕೋವಿ. ಕುದುರೆ, ಅಂದರೆ ಬಡಿದು ಈಡು ಹಾರಿಸುವ ಸುತ್ತಿಗೆ, ಹೊರಗೆ ಕಾಣುವುದಿಲ್ಲ. ನಳಿಕೆಯನ್ನು ಮಡಚಿದಾಗ ಒಳಗಿನ ಎರಡು ಕುದುರೆಗಳೂ ಸ್ಪ್ರಿಂಗಿನ ವಿರುದ್ಧ ಎದ್ದು ನಿಲ್ಲುತ್ತವೆ. 1875ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಈ ಏರ್ಪಾಡಿಗೆ ಪೇಟೆಂಟ್ ತೆಗೆದುಕೊಂಡರು. ಇವತ್ತು ಹಳ್ಳಿಗಳಲ್ಲಿ ಕಾಣುವ ಜೋಡಿನಳಿಕೆಗಳಲ್ಲಿ ಹೆಚ್ಚಿನವು ಆ ಏರ್ಪಾಡಿನ ಮಕ್ಕಳು, ಮೊಮ್ಮಕ್ಕಳು. ಎದ್ದು ನಿಂತ ಕುದುರೆಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಆ ಕಚ್ಚಿಗೆ ಒಂದು ಕೊಕ್ಕೆಯ ಮೂಗು ಸಿಕ್ಕಿಕೊಂಡು ಕುದುರೆಯನ್ನು ತಡೆದು ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಏಳುತ್ತದೆ, ಕುದುರೆ ಬೀಳುತ್ತದೆ. ಕೊಕ್ಕೆ ಮತ್ತು ಕಚ್ಚು ಒಂದನ್ನೊಂದು ಹಿಡಿದುಕೊಂಡಿರುವ ಜಾಗ ಅಕ್ಕಿಕಾಳಿನಷ್ಟೂ ದಪ್ಪ ಇಲ್ಲ.

ಹಾಗಾದರೆ ಲಾಕ್ ಏನು ಮಾಡುತ್ತದೆ? ಇದನ್ನೇ ಅಪ್ಪ ಕೇಳಿದರು. ಹಿರಿಯರು ಚಿಮಟದ ತುದಿಯಿಂದ ತೋರಿಸಿದರು. "ಇದು ಟ್ರಿಗರ್ ಕಟ್ಟುತ್ತೆ. ಅಷ್ಟೇ. ಕುದುರೆ ಕಟ್ಟಲ್ಲ, ಕೊಕ್ಕೆ ಕಟ್ಟಲ್ಲ."

ಬೆರಳು ಅಥವಾ ಬಳ್ಳಿ ಟ್ರಿಗರನ್ನು ಎಳೆಯದ ಹಾಗೆ ಲಾಕ್ ನೋಡಿಕೊಳ್ಳುತ್ತದೆ. ಆದರೆ ಕೋವಿ ಬಿದ್ದು ಕುಟ್ಟಿದಾಗ ಟ್ರಿಗರಿಗೆ ಕೆಲಸವೇ ಇಲ್ಲ. ಅದುರಿಗೆ ಕೊಕ್ಕೆಯೇ ಕಚ್ಚಿನಿಂದ ಜಿಗಿಯಬಹುದು. ಮುಂಬಾಗಿಲಿಗೆ ಭದ್ರವಾಗಿ ಅಗುಳಿ ಹಾಕಿದ್ದೇವೆ. ಹಿಂದಿನ ಗೋಡೆಯೇ ಕುಸಿದರೆ ಅಗುಳಿ ಏನು ಮಾಡೀತು? ಬೆಲೆಬಾಳುವ ಕೆಲವು ಕೋವಿಗಳಲ್ಲಿ ಎರಡನೆಯ ಕೊಕ್ಕೆ ಇರುತ್ತದಂತೆ. ಮೊದಲನೆಯದು ಅದುರಿಗೆ ತಪ್ಪಿದರೂ ಬೀಳುವ ಕುದುರೆಯನ್ನು ಅದು ಅರ್ಧದಲ್ಲೇ ಹಿಡಿಯುತ್ತದೆ. ನಮ್ಮದರಲ್ಲಿ ಅದಿರಲಿಲ್ಲ. ರೈತರ ಕೈಯಲ್ಲಿರುವ ಸಾಧಾರಣ ಕೋವಿಗಳಲ್ಲಿ ಅದನ್ನು ಹುಡುಕುವುದೂ ಕಷ್ಟ.

ಇನ್ನೊಂದನ್ನೂ ಅವರು ತೋರಿಸಿದರು. ಕೊಕ್ಕೆಯ ಸುತ್ತ ಬೆಳ್ಳಗೆ, ಮಣ್ಣು ಬೆರೆತ ಬೆಣ್ಣೆಯ ಹಾಗೆ ಏನೋ ಗಟ್ಟಿಯಾಗಿತ್ತು. ಬೆರಳಲ್ಲಿ ತೆಗೆದು ಮೂಸಿ ನೋಡಿದರು. "ಕೊಬ್ಬರಿ ಎಣ್ಣೆ ಬಿಟ್ಟಿದೀರಾ?" ಅಪ್ಪ ಹೌದೆಂದರು. ಎಲ್ಲರೂ ಬಿಡುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಊರು ನಮ್ಮದು. ಹಗ್ಗದ ಮೇಲಿನ ಬಟ್ಟೆಗೆ ಬೂಸಲು ಬರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ ಮನೆಯಲ್ಲಿರುವ ಎಣ್ಣೆ ಬಿಡುವುದು ಸಹಜ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ತಲೆಗೆ ಹಚ್ಚಿಕೊಳ್ಳುವ ನಮಗೆ ಇದು ಗೊತ್ತಿಲ್ಲದ್ದಲ್ಲ. ಕೋವಿಯ ಹೊಟ್ಟೆಯೊಳಗೂ ಅದೇ ಆಗುತ್ತದೆ ಅಂತ ಹೊಳೆದಿರಲಿಲ್ಲ, ಅಷ್ಟೇ. ಡಿಸೆಂಬರಿನ ಆ ಬೆಳಗಿನ ಜಾವ ಅಪ್ಪ ನಳಿಕೆ ಮಡಚಿ ತೋಟೆ (ಮದ್ದು, ಚರೆ ಇರುವ ಚಿಪ್ಪು) ತುಂಬಿದಾಗ ಕೊಕ್ಕೆ ಪೂರ್ತಿ ಕಚ್ಚಿಗೆ ಇಳಿದಿರಲಿಲ್ಲ. ಹಳೆಯ ಸವೆತ, ಅದರ ಮೇಲೆ ಈ ಹೆಪ್ಪು. ತುದಿಗಾಲಲ್ಲಿ ನಿಂತ ಹಾಗೆ ನಿಂತಿತ್ತು. ಹೊರಗಿನ ಗುಂಡಿ ಮಾತ್ರ ನಿಷ್ಠೆಯಿಂದ 'ಸೇಫ್' ಎನ್ನುತ್ತಿತ್ತು.

ಅಪ್ಪನ ಕೋವಿಯಲ್ಲಿ ಲಾಕ್ ತಾನಾಗಿಯೇ ಬೀಳುತ್ತದೆ. ಮೇಲಿನ ಕೀಲು ತಿರುಗಿಸಿ ನಳಿಕೆ ಮಡಚಿದರೆ ಸಾಕು, ಒಳಗಿನ ಒಂದು ಕಡ್ಡಿ ಗುಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ನಾವು ನೆನಪಿಟ್ಟುಕೊಳ್ಳಬೇಕಿಲ್ಲ. ಒಳ್ಳೆಯ ಉದ್ದೇಶದ ಏರ್ಪಾಡು. ಆದರೆ ನಮ್ಮ ಮನೆಯಲ್ಲಿ ಅದರಿಂದ ಏನಾಯಿತು ಎಂದರೆ, ಕೋವಿ ತಾನೇ ಎಚ್ಚರವಾಗಿರುತ್ತದೆ, ನಾವಿರಬೇಕಾಗಿಲ್ಲ ಅನ್ನೋ ಭಾವನೆ ಮೆಲ್ಲಗೆ ಒಳಗೆ ಬಂತು.

ಇದನ್ನು ನಾನು ಅಜ್ಜನ ಕೋವಿ ನೆನೆದು ಹೇಳುತ್ತಿದ್ದೇನೆ. ಅಜ್ಜನದ್ದು ಕೇಪಿನ ಕೋವಿ. ಬಾಯಿಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿಯಬೇಕು. ಹಿಂದೆ ಕುದುರೆಯ ಕೆಳಗಿನ ಮೊಲೆತೊಟ್ಟಿನಂಥ ತುದಿಗೆ, ಕುದುರೆ ಬಡಿದರೆ ಕಿಡಿ ಕೊಡುವ ತಾಮ್ರದ ಕೇಪು ಇಡಬೇಕು. ಅದರಲ್ಲಿ ಲಾಕ್ ಅನ್ನುವುದೇ ಇರಲಿಲ್ಲ. ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸುವ ಒಂದು ಕಚ್ಚು ಇತ್ತು. ಅಜ್ಜ ಅದನ್ನು ನಂಬುತ್ತಿರಲಿಲ್ಲ. ಅರ್ಧ ಎತ್ತಿದ ಕುದುರೆಗೂ ಅರ್ಧ ಕಟ್ಟಿದ ಹೋರಿಗೂ ಏನೂ ವ್ಯತ್ಯಾಸ ಇಲ್ಲ ಎನ್ನುತ್ತಿದ್ದರು.

ಆ ಕೋವಿಯ ಇನ್ನೊಂದು ಕಷ್ಟ ಏನೆಂದರೆ, ಒಮ್ಮೆ ತುಂಬಿದರೆ ತೆಗೆಯುವುದು ಸುಲಭ ಅಲ್ಲ. ಹೊಡೆದೇ ಖಾಲಿ ಮಾಡಬೇಕು. ಇಲ್ಲವೇ ಸರಳಿನ ತುದಿಗೆ ತಿರುಪು ಹಾಕಿ ನಾರು, ಚರೆ, ಮಸಿ ಎಲ್ಲ ಕೆದಕಿ ಹೊರಗೆಳೆಯಬೇಕು. ಅದಕ್ಕೇ ಎಷ್ಟೋ ದಿನ ಅದು ತುಂಬಿದ ಹಾಗೆಯೇ ಗೋಡೆಯ ಗೂಟದ ಮೇಲೆ ಇರುತ್ತಿತ್ತು. ಅಜ್ಜ ಕೇಪು ಮಾತ್ರ ತೆಗೆದು ಹಳೆಯ ನಶ್ಯದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಿದ್ದೆಯಲ್ಲೂ ಅದು ಅವರ ಸೊಂಟದಲ್ಲೇ.

ಇಡೀ ಮನೆಗೆ ಆ ಕೋವಿ ತುಂಬಿದೆ ಎಂದು ಗೊತ್ತು. ಅಜ್ಜಿ ಅದರ ಕೆಳಗೆ ಗುಡಿಸುವಾಗ ಅಜ್ಜನಿಗೆ ಹೇಳಿಯೇ ಗುಡಿಸುತ್ತಿದ್ದರು. ನಾವು ಮಕ್ಕಳು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಅಜ್ಜ ಅದನ್ನು ಕೈಗೆತ್ತಿಕೊಂಡರೆ, ಮೊದಲು ಬಾಯಿ ಯಾವ ಕಡೆಗೆ ಹೋಗುತ್ತದೆ ಎಂದು ಎಲ್ಲರೂ ನೋಡುತ್ತಿದ್ದರು. ಕಣ್ಣು ತಾನಾಗಿ ಹೋಗುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಅದು ನಮ್ಮ ಮನೆಗೆ ಬಂದ ಕೋವಿಗಳಲ್ಲೇ ಜಾಸ್ತಿ ಅಪಾಯದ್ದು. ಆದರೆ ಅದು ಇದ್ದಷ್ಟು ವರ್ಷ ಬೇಡದ ಕಡೆ ಒಂದು ಚರೆಯೂ ಹೋಗಲಿಲ್ಲ. ಅಪ್ಪನ ಹೊಸ ಕೋವಿ 1983ರಲ್ಲಿ ಬಂತು. ಹನ್ನೊಂದು ವರ್ಷಕ್ಕೆ ತೊಲೆ ತೂತಾಯಿತು.

ಅಪ್ಪ ಅಜ್ಜನಿಗಿಂತ ಬೇಜವಾಬ್ದಾರಿ ಮನುಷ್ಯ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅಪ್ಪನಷ್ಟು ಅಚ್ಚುಕಟ್ಟಾದವರನ್ನು ನಾನು ಕಂಡಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗನ್ನು ಪ್ರತಿ ರಾತ್ರಿ ಹಾಳೆಯಿಂದ ಮುಚ್ಚಿ, ಗೋಡೆಯ ಕಡೆ ತಿರುಗಿಸಿ ಇಡುವವರು ಅವರು. ಕತ್ತಿಯ ಅಲಗು ಕಣ್ಣಿಗೆ ಕಾಣುತ್ತದೆ. ಅಜ್ಜನ ಕೋವಿಯ ಕುದುರೆಯೂ ಕಾಣುತ್ತಿತ್ತು. ಎದ್ದಿದೆಯೋ ಬಿದ್ದಿದೆಯೋ, ಕೇಪು ಇದೆಯೋ ಇಲ್ಲವೋ, ನಾಲ್ಕು ಮಾರು ದೂರದಿಂದಲೇ ಹೇಳಬಹುದಿತ್ತು. ಅಪ್ಪನ ಕೋವಿಯಲ್ಲಿ ಅಪಾಯವೆಲ್ಲ ಒಳಗೆ ಹೋಗಿ, ಹೊರಗೆ ಉಳಿದದ್ದು ನುಣುಪಾದ ಕಬ್ಬಿಣ ಮತ್ತು ಒಂದು ಗುಂಡಿ. ಕಾಣದ್ದಕ್ಕೆ ಹೆದರುವುದು ಮನುಷ್ಯನಿಗೆ ಕಷ್ಟ.

ಕಳೆದ ಒಂದೆರಡು ವರ್ಷದಿಂದ ನಾನು ಕೋವಿ ಇಟ್ಟುಕೊಂಡಿರುವ ನಂಟರು, ಗೆಳೆಯರು, ಅಡಿಕೆ ಮಂಡಿಯಲ್ಲಿ ಸಿಗುವ ಪರಿಚಯದವರು, ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ತೋಟೆ ತುಂಬಿ ಲಾಕ್ ಹಾಕಿದ ಮೇಲೆ, ಆ ಲಾಕನ್ನು ನೀವು ಎಷ್ಟು ನಂಬುತ್ತೀರಿ?

ಹೊಸನಗರದ ಕಡೆಯ ನಂಟರೊಬ್ಬರು ಕೇಳಿದ ತಕ್ಷಣ "ಪೂರ್ತಿ" ಎಂದರು. ಅವರ ಕೋವಿ ರಾತ್ರಿ ಮಂಚದ ಪಕ್ಕದಲ್ಲೇ, ತುಂಬಿದ ಹಾಗೆ ಇರುತ್ತದೆ. ಸಾಗರದ ಹತ್ತಿರದ ಒಬ್ಬರು ಸೇನೆಯಿಂದ ನಿವೃತ್ತರಾಗಿ ಬಂದವರು. ಅವರು ಪ್ರಶ್ನೆಯನ್ನೇ ಒಪ್ಪಲಿಲ್ಲ. "ತುಂಬಿದ ಮೇಲೆ ಅದು ಕೈಯಲ್ಲಿರಬೇಕು. ಕೈಯಲ್ಲಿ ಇಲ್ಲ ಅಂದರೆ ಖಾಲಿ ಇರಬೇಕು. ನಡುವೆ ಇನ್ನೊಂದು ಸ್ಥಿತಿ ಇಲ್ಲ" ಎಂದರು. ಕೊಪ್ಪದ ಗೆಳೆಯ ಸ್ವಲ್ಪ ಯೋಚಿಸಿ, ನಂಬುತ್ತೇನೆ, ಆದರೆ ಜೀಪಿನಲ್ಲಿ ಹೆಂಡತಿ ಮಕ್ಕಳಿದ್ದರೆ ತೋಟೆ ತೆಗೆಯುತ್ತೇನೆ ಎಂದ. ಆ "ಆದರೆ" ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಹಾಗಾದರೆ ಒಬ್ಬನೇ ಇದ್ದಾಗ? ಕೆಲಸದವರು ಇದ್ದಾಗ?

ಆಮೇಲೆ ನಾನು ಕೇಳುವುದು ಕಡಿಮೆ ಮಾಡಿ, ನೋಡುವುದು ಜಾಸ್ತಿ ಮಾಡಿದೆ. ಬಾಯಲ್ಲಿ ಹೇಳುವ ನಂಬಿಕೆ ಬೇರೆ, ಮೈಗೆ ಗೊತ್ತಿರುವ ನಂಬಿಕೆ ಬೇರೆ. ಲಾಕನ್ನು ಪೂರ್ತಿ ನಂಬುತ್ತೇನೆ ಎಂದ ನಂಟರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಮಂಚದ ಪಕ್ಕದ ಕೋವಿಯ ಬಾಯಿ ಅವರ ತಲೆಯ ಕಡೆ ಇರಲಿಲ್ಲ, ಕಿಟಕಿಯ ಕಡೆ ಇತ್ತು. ಪ್ರತಿ ರಾತ್ರಿ ಹಾಗೇ ಇಡುತ್ತಾರಂತೆ. ಯಾಕೆ ಎಂದು ಕೇಳಿದರೆ "ಅಭ್ಯಾಸ" ಎಂದರು. ಅವರ ಕೈ ಅವರ ಬಾಯಿಗಿಂತ ಬುದ್ಧಿವಂತ ಅಂತ ನನಗೆ ಸಮಾಧಾನವಾಯಿತು. ಆದರೆ ಆ ಕಿಟಕಿಯ ಆಚೆ ಕೊಟ್ಟಿಗೆ ಇದೆ. ಬೆಳಗ್ಗೆ ಐದಕ್ಕೆ ಅವರ ಸೊಸೆ ಹಾಲು ಕರೆಯಲು ಅಲ್ಲಿಗೆ ಹೋಗುತ್ತಾರೆ. ಅದನ್ನು ನಾನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ತೋಟೆ ತುಂಬಿಯೇ ಇಡಬೇಕು ಅನ್ನುವವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಮಂಗಗಳ ಹಿಂಡು ಬಂದರೆ ಅರ್ಧ ಗಂಟೆಯಲ್ಲಿ ಬಾಳೆ, ತರಕಾರಿ, ಎಳೆ ಅಡಿಕೆ, ಏಲಕ್ಕಿ ಎಲ್ಲ ಮುಗಿಯುತ್ತದೆ. ಹಂದಿ ಒಂದು ರಾತ್ರಿ ಗದ್ದೆಗೆ ಇಳಿದರೆ ಆರು ತಿಂಗಳ ದುಡಿಮೆ ಮಣ್ಣು. 1972ರ ವನ್ಯಜೀವಿ ಕಾಯ್ದೆ ಇದೆ. ಮನಸ್ಸಿಗೆ ಬಂದ ಹಾಗೆ ಪ್ರಾಣಿ ಹೊಡೆಯುವ ಹಾಗಿಲ್ಲ, ಹೊಡೆಯಲೂಬಾರದು. ನಮ್ಮಲ್ಲಿ ಬೆಳೆ ರಕ್ಷಣೆಯ ಕೋವಿಗೆ ಇರುವ ಕೆಲಸ ಹೆಚ್ಚಾಗಿ ಆಕಾಶಕ್ಕೆ ಹೊಡೆದು ಸದ್ದು ಮಾಡುವುದು. ಆ ಸದ್ದಿಗೂ ಸಮಯ ಬೇಕಲ್ಲ, ತೋಟೆ ಹುಡುಕುತ್ತಾ ಕೂತರೆ ಮಂಗ ಕಾಯುತ್ತದೆಯೇ ಎಂದು ಕೇಳುತ್ತಾರೆ.

ಇದನ್ನು ಪರೀಕ್ಷಿಸಿಯೇ ನೋಡಿದೆ. ಬುಷ್ ಶರ್ಟಿನ ಜೇಬಿನಲ್ಲಿ ಎರಡು ತೋಟೆ, ಕೈಯಲ್ಲಿ ಮಡಚಿದ ಖಾಲಿ ಕೋವಿ. ಮಗಳು ಅಂಗಳದಾಚೆ ನಿಂತು ಮೊಬೈಲಿನಲ್ಲಿ ಸಮಯ ಹಿಡಿದಳು. ತುಂಬಿದ್ದು ತೋಟೆಯಲ್ಲ, ಸಿಡಿದು ಖಾಲಿಯಾದ ಚಿಪ್ಪು. ಮೊದಲ ಸಲ ಒಂಬತ್ತು ಸೆಕೆಂಡು. ಹತ್ತು ಸಲ ಮಾಡಿದ ಮೇಲೆ ಐದಕ್ಕೆ ಇಳಿಯಿತು. ಮಂಗಗಳ ವಿಷಯದಲ್ಲಿ ಈ ಐದು ಸೆಕೆಂಡು ದೊಡ್ಡದಲ್ಲ ಅಂತ ನನ್ನ ಅನುಭವ. ಕೋವಿ ಹಿಡಿದ ಮನುಷ್ಯನನ್ನು ಕಂಡರೇ ಕಾವಲಿಗೆ ಕೂತ ಗಂಡುಮಂಗ ಕೂಗು ಹಾಕುತ್ತದೆ. ಸದ್ದು ಬೇಕಾಗುವುದು ಅವು ಮತ್ತೆ ಆ ದಿನ ಬಾರದಿರಲಿ ಅಂತ. ಅದಕ್ಕೆ ಐದು ಸೆಕೆಂಡು ಮೊದಲಾದರೇನು, ಆಮೇಲಾದರೇನು?

ಮಡಚುವ ಕೋವಿಯಲ್ಲಿ ಇನ್ನೊಂದು ಅನುಕೂಲವಿದೆ. ಲಾಕ್ ಹಾಕಿದ ಹಾಗೆಯೇ ಇಟ್ಟು ತೋಟೆ ಹೊರತೆಗೆಯಬಹುದು. ಇದು ಸಣ್ಣ ವಿಷಯ ಅನ್ನಿಸಬಹುದು. ಅಮೆರಿಕದಲ್ಲಿ ಬಹಳ ಪ್ರಸಿದ್ಧವಾದ ರೆಮಿಂಗ್ಟನ್ 700 ಎಂಬ ಬೇಟೆಯ ರೈಫಲ್ಲಿನ ಹಳೆಯ ಮಾದರಿಯಲ್ಲಿ, ಗುಂಡು ತೆಗೆಯಬೇಕೆಂದರೆ ಮೊದಲು ಸೇಫ್ಟಿ, ಅಂದರೆ ಲಾಕ್, ಬಿಡಿಸಬೇಕಿತ್ತು. 2000ನೇ ಇಸವಿಯ ಅಕ್ಟೋಬರಿನಲ್ಲಿ ಮೊಂಟಾನಾ ರಾಜ್ಯದಲ್ಲಿ ಒಬ್ಬ ತಾಯಿ ಬೇಟೆ ಮುಗಿಸಿ ಬಂದು, ರೈಫಲ್ ಖಾಲಿ ಮಾಡಲು ಸೇಫ್ಟಿ ಬಿಡಿಸಿದರು. ಟ್ರಿಗರ್ ಮೇಲೆ ಬೆರಳು ಇರಲಿಲ್ಲ ಎಂಬುದು ಅವರ ಮಾತು. ರೈಫಲ್ ಹಾರಿತು. ಕುದುರೆ ಸಾಗಿಸುವ ಗಾಡಿಯ ಆಚೆ ಬದಿಯಲ್ಲಿ ಅವರ ಒಂಬತ್ತು ವರ್ಷದ ಮಗ ಇದ್ದ. ಗುಂಡು ಗಾಡಿಯನ್ನು ದಾಟಿ ಹೋಗಿ ಅವನಿಗೆ ತಗುಲಿತು. ಅವನು ಉಳಿಯಲಿಲ್ಲ. ಆ ಟ್ರಿಗರಿನ ಬಗ್ಗೆ ವರ್ಷಗಟ್ಟಲೆ ಮೊಕದ್ದಮೆ ನಡೆದವು. ಕಂಪನಿ ದೋಷ ಇದೆ ಎಂದು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಬಂದೂಕುಗಳ ಮಾಲೀಕರಿಗೆ ಪರಿಹಾರ ಕೇಳುವ ಅವಕಾಶ ಸಿಕ್ಕಿತು. ಅವುಗಳಲ್ಲಿ ಬಹುಪಾಲಿಗೆ ಟ್ರಿಗರನ್ನೇ ಉಚಿತವಾಗಿ ಬದಲಾಯಿಸಿ ಕೊಡಬೇಕೆಂದು ಆಯಿತು.

ಈ ಕಥೆಯನ್ನು ಮೊದಲ ಸಲ ಓದಿದಾಗ ನಾನು ಎದ್ದು ಜಗಲಿಗೆ ಹೋಗಿ ತೊಲೆ ನೋಡಿದೆ. ಆ ತಾಯಿ ಏನೂ ಉಡಾಫೆ ಮಾಡಿರಲಿಲ್ಲ. ಖಾಲಿ ಮಾಡಲು, ಅಂದರೆ ಸರಿಯಾದದ್ದನ್ನೇ ಮಾಡಲು ಹೊರಟಿದ್ದರು. ಹಾಗಾಗಿ ಲಾಕ್ ನಂಬಬೇಡಿ, ಖಾಲಿ ಮಾಡಿ ಅಂದರೂ ಮುಗಿಯುವುದಿಲ್ಲ. ಖಾಲಿ ಮಾಡುವ ಆ ಎರಡು ಕ್ಷಣವೂ ಬಾಯಿ ಎಲ್ಲಿದೆ ಎಂದು ನೋಡಬೇಕು. ಎಲ್ಲ ಕೊಕ್ಕೆ, ಕಚ್ಚು, ಸ್ಪ್ರಿಂಗ್ ಒಟ್ಟಿಗೆ ಕೈಕೊಟ್ಟರೂ ಬಾಯಿ ಖಾಲಿ ನೆಲದ ಕಡೆ ಇದ್ದರೆ, ಹೋಗುವುದು ಒಂದು ತೋಟೆ, ಬೀಳುವುದು ಒಂದು ಗುಂಡಿ. ಅಜ್ಜನ ಕಾಲದಲ್ಲಿ ನಮ್ಮೆಲ್ಲರ ಕಣ್ಣು ತಾನಾಗಿ ಹೋಗುತ್ತಿದ್ದುದು ಅಲ್ಲಿಗೇ.

ನಮ್ಮ ಮಾತಿನ ಬಗ್ಗೆಯೂ ಒಂದು ಹೇಳಬೇಕು. ಪೇಪರಿನಲ್ಲಿ ಆಗಾಗ ಒಂದು ಸಾಲು ಓದುತ್ತೇವೆ. ಶಿಕಾರಿಗೆ ಹೋದಾಗ, ಬೇಲಿ ದಾಟುವಾಗ, ಕೋವಿ ಒರೆಸುವಾಗ "ಆಕಸ್ಮಿಕವಾಗಿ ಗುಂಡು ಹಾರಿ" ಒಬ್ಬರು ತೀರಿಕೊಂಡರು. ಗುಂಡು ಹಾರಿತು. ಈಡು ಆಯಿತು. ಹಾರಿಸಿದೆ ಅನ್ನುವುದಿಲ್ಲ, ಹಾರಿತು ಎನ್ನುತ್ತೇವೆ. ಹಕ್ಕಿ ಹಾರಿದ ಹಾಗೆ. ನಾನೂ ಈ ಬರಹದ ಮೊದಲಿಗೆ ಹಾಗೇ ಬರೆದಿದ್ದೇನೆ, ಬಲಗಡೆಯ ನಳಿಕೆ ಹಾರಿತು ಅಂತ. ಬೇರೆ ಹೇಗೆ ಬರೆಯುವುದು ಎಂದು ತೋಚಲಿಲ್ಲ. ನಾಯಿ ಹಾರಿಸಿತು ಅನ್ನಲಾಗದು. ಅಪ್ಪ ಬಚ್ಚಲಿನಲ್ಲಿದ್ದರು. ಆದರೆ ಆ ಕೋವಿಗೆ ತೋಟೆ ತಾನಾಗಿ ಹೋಗಿ ಕೂತಿರಲಿಲ್ಲ. ಕಟ್ಟೆಯ ಮೇಲೆ ಅದು ತಾನಾಗಿ ಹೋಗಿ ನಿಂತಿರಲಿಲ್ಲ. ಕೊನೆಯ ಅರ್ಧ ಸೆಕೆಂಡಿಗೆ ಮಾತ್ರ 'ಹಾರಿತು' ಸರಿಯಾದ ಮಾತು. ಅದಕ್ಕೆ ಮೊದಲಿನ ಒಂದು ಗಂಟೆಯೆಲ್ಲ ನಾವು ಮಾಡಿದ್ದು.

ಆಯುಧ ಪೂಜೆಯ ದಿನ ನಮ್ಮಲ್ಲಿ ಕೋವಿಯನ್ನೂ ಕತ್ತಿ, ಹಾರೆ, ಗುದ್ದಲಿಯ ಜೊತೆ ಮಣೆಯ ಮೇಲೆ ಇಟ್ಟು, ಸೇವಂತಿಗೆ ಮುಡಿಸಿ, ಕುಂಕುಮ ಹಚ್ಚುತ್ತೇವೆ. ನನಗೆ ಆ ಪೂಜೆ ಇಷ್ಟ. ಮಕ್ಕಳೆಲ್ಲ ಸುತ್ತ ಕೂತಿರುತ್ತಾರೆ, ಆರತಿ ತೆಗೆದುಕೊಳ್ಳಲು ಬಗ್ಗುತ್ತಾರೆ. ಎಷ್ಟು ಮನೆಗಳಲ್ಲಿ ಪೂಜೆಗಿಟ್ಟ ಕೋವಿಯನ್ನು ಮಡಚಿ ನೋಡುತ್ತಾರೆ? ನಾವು ಈಗ ಮಡಚಿಯೇ ಇಡುತ್ತೇವೆ. ಮಣೆಯ ಮೇಲೆ ಅದು ಬಾಯಿ ಬಿಟ್ಟು ಮಲಗಿರುತ್ತದೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಅತ್ತೆ ಮೊದಲ ವರ್ಷ ಗೊಣಗಿದರು. ಈಗ ಅವರೇ ನಳಿಕೆಯ ಎರಡು ತೂತಿನ ಹತ್ತಿರ ಒಂದೊಂದು ಹೂವು ಇಡುತ್ತಾರೆ.

ಅಪ್ಪನ ಕಾಲದಲ್ಲಿ ಯಾರೂ ಯಾರಿಗೂ ಇದನ್ನು ಕಲಿಸುತ್ತಿರಲಿಲ್ಲ. ಲೈಸೆನ್ಸ್ ಬಂತು, ಕೋವಿ ಬಂತು. ತಂದೆಯೋ ಚಿಕ್ಕಪ್ಪನೋ ತೋರಿಸಿದ್ದೇ ವಿದ್ಯೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತೆಯ ತರಬೇತಿಯ ಮಾತು ಬಂತು. ಒಳ್ಳೆಯದಾಯಿತು. ಆ ತರಬೇತಿಯಲ್ಲಿ ಒಂದು ಹಳೆಯ ಕೋವಿಯ ಹೊಟ್ಟೆ ಬಿಚ್ಚಿ, ಆ ಕೊಕ್ಕೆಯನ್ನು ಪ್ರತಿಯೊಬ್ಬರ ಕಣ್ಣಿಗೂ ತೋರಿಸಬೇಕು ಅಂತ ನನ್ನ ಆಸೆ. ನೂರು ಮಾತು ಬೇಡ. ಅಕ್ಕಿಕಾಳಿನಷ್ಟೂ ದಪ್ಪ ಇಲ್ಲದ ಆ ಅಂಚನ್ನು ಒಮ್ಮೆ ನೋಡಿದವರು ಕೋವಿಯನ್ನು ಮತ್ತೆ ಕಂಬಕ್ಕೆ ಒರಗಿಸಲಾರರು. ಹನ್ನೆರಡರ ವಯಸ್ಸಿನಲ್ಲಿ ನೋಡಿದ ನಾನು ಇವತ್ತಿನವರೆಗೆ ಒರಗಿಸಿಲ್ಲ.

ಲೈಸೆನ್ಸ್ ಈಗ ನನ್ನ ಹೆಸರಿಗಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಬೆಳೆ ಕಾಯುವ ಕಾಲದಲ್ಲಿ ಕೈ ಖಾಲಿಯಾಗುತ್ತದೆ ಎಂದು ಮಲೆನಾಡಿನ ರೈತರು ಪ್ರತಿ ಸಲ ಬೇಸರ ಮಾಡಿಕೊಳ್ಳುತ್ತಾರೆ. ಅದರಲ್ಲಿ ನ್ಯಾಯವೂ ಇದೆ. ಆದರೆ ಠಾಣೆಯಲ್ಲಿ ನನಗೆ ಇಷ್ಟವಾಗುವ ಒಂದು ವಿಷಯ ಇದೆ. ಅಲ್ಲಿ ಯಾರೂ ಲಾಕ್ ಹಾಕಿದೆಯಾ ಎಂದು ಕೇಳುವುದಿಲ್ಲ. "ಮಡಚಿ ತೋರಿಸಿ" ಎನ್ನುತ್ತಾರೆ. ನಳಿಕೆಯೊಳಗಿಂದ ಆಚೆಯ ಬೆಳಕು ಕಂಡರೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಮಾರ್ಚಿನ ಸೆಕೆಯಲ್ಲಿ, ಕೋವಿ ಒಪ್ಪಿಸಲು ಹೊರಟಿದ್ದೆ. ಅಪ್ಪನಿಗೆ ಆಗ 78. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ನಳಿಕೆ ಮಡಚಿ, ಎರಡೂ ಗೂಡಿಗೆ ಕಿರುಬೆರಳು ಹಾಕಿ ನೋಡಿದೆ. ಕತ್ತಲಲ್ಲೂ ಬೆಳಕಲ್ಲೂ ಹಾಗೆ ಬೆರಳು ಹಾಕುವುದು ನನ್ನ ರೂಢಿ. ತಣ್ಣನೆಯ ಕಬ್ಬಿಣ ತಗುಲಿದರೆ ಖಾಲಿ. ಅಪ್ಪ ಅದನ್ನೇ ನೋಡುತ್ತಿದ್ದರು. ಆಮೇಲೆ ತೊಲೆಯ ಕಡೆ ನೋಡಿದರು.

"ಅವತ್ತು ಎಡಗಡೆದು ಹಾಗೇ ಇತ್ತು" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹಾರಿದ್ದು ಬಲಗಡೆದು. ಎಡನಳಿಕೇಲಿ ತೋಟೆ ಹಾಗೇ ಇತ್ತು. ಕುದುರೆ ಎದ್ದೇ ಇತ್ತು. ನಾನು ಕೋವಿ ಎತ್ತಿ ನಿಮಗೆಲ್ಲ ಲಾಕ್ ತೋರಿಸಿದೆ. ಒಬ್ಬೊಬ್ಬರ ಮುಂದೆ ಹಿಡಿದು ತೋರಿಸಿದೆ. ಆಮೇಲೆ ಒಳಗೆ ತಗೊಂಡು ಹೋಗಿ ನಿನ್ನ ಹಾಸಿಗೆ ಸುತ್ತಿಟ್ಟಿದ್ದ ಮೂಲೇಲಿ ನಿಲ್ಲಿಸಿದೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ನೆನಪಾಯ್ತು."

ಅಷ್ಟು ಹೊತ್ತು ಹೇಗೆ ಮರೆತಿರಿ ಎಂದು ಕೇಳಿದೆ.

ಅಪ್ಪ ತೊಲೆಯಿಂದ ಕಣ್ಣು ತೆಗೆಯಲಿಲ್ಲ. "ಮರೆತದ್ದಲ್ಲ" ಎಂದರು. "ಲಾಕ್ ಹಾಕಿತ್ತಲ್ಲ."